ಕಣ್ಣೊಳಗಿನ ತೇಪೆ

ಇಪ್ಪತ್ತೆರಡು ವರ್ಷ ಬಟ್ಟೆಯಲ್ಲಿ ತೂತು ಹುಡುಕಿದ ಅವ್ವನ ಕಣ್ಣಿಗೇ ಕೊನೆಗೆ ತೂತು ಬಿತ್ತು. ಈ ಮಾತನ್ನು ಮೊದಲು ಆಡಿದವನು ಅವಳ ಫ್ಯಾಕ್ಟರಿಯ ಇನ್‌ಚಾರ್ಜು ರುದ್ರಪ್ರಸಾದ. ಆಡಿ ನಕ್ಕನಂತೆ. ಅವ್ವನೂ ನಕ್ಕಳಂತೆ. ಮನೆಗೆ ಬಂದು ನನಗೆ ಹೇಳುವಾಗಲೂ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ನನ್ನ ಹೆಸರು ಯೋಗೇಶ, ಹೆಸರಿಗೂ ನನಗೂ ಯಾವ ಸಂಬಂಧವೂ ಇಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಗಾರ್ಮೆಂಟ್ಸ್ ಹೆಂಗಸರ ಬಗ್ಗೆ ಹಗುರವಾಗಿ ಮಾತಾಡಿದರೆಂದು ಜಾಮಿಟ್ರಿ ಬಾಕ್ಸನ್ನು ಅವರ ಮೇಜಿನ ಮೇಲೆ ಬೀಸಿ ಎಸೆದು ಹೊರಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಿಲ್ಲ.

ಅವ್ವನ ಹೆಸರು ಜಯಶೀಲ. ಮಂಡ್ಯ ದಾಟಿ ಶ್ರೀರಂಗಪಟ್ಟಣದ ಕಡೆ ಬರುವಾಗ ಹೆದ್ದಾರಿ ಪಕ್ಕದಲ್ಲಿ ಒಂದು ಗಾರ್ಮೆಂಟ್ಸ್ ಇದೆ. ಅಲ್ಲಿ ಅವಳದು ಚೆಕಿಂಗ್ ಕೆಲಸ. ಹೊಲಿದು ಬಂದ ಮಕ್ಕಳ ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಎಣ್ಣೆ ಕಲೆ ಇದೆ, ಎಲ್ಲಿ ಎಳೆ ಕಿತ್ತಿದೆ ಎಂದು ನೋಡಬೇಕು. ತಪ್ಪು ಕಂಡಲ್ಲಿ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಬಾಣ ಬಿದ್ದ ಪೀಸಿಗೆ ಆಲ್ಟರ್ ಅನ್ನುತ್ತಾರೆ. ಅದು ಹೊಲಿದವಳ ಹತ್ತಿರ ವಾಪಸ್ ಹೋಗುತ್ತದೆ. ಬೇಗ ಕೈಗೆ ಸಿಗಲಿ ಎಂದು ಚೆಕಿಂಗಿನವರು ಬಾಣಗಳನ್ನು ಎಡಗೈಯ ಹಿಂಬದಿಗೆ ಸಾಲಾಗಿ ಅಂಟಿಸಿಕೊಂಡಿರುತ್ತಾರೆ. ಚಿಕ್ಕವನಿದ್ದಾಗ ನಾನು ಸಂಜೆ ಅವ್ವನ ಕೈಮೇಲೆ ಉಳಿದ ಬಾಣಗಳನ್ನು ಕಿತ್ತು ಗೋಡೆ, ಬಾಗಿಲು, ಸ್ಟೀಲ್ ಬಿಂದಿಗೆ ಎಲ್ಲದಕ್ಕೂ ಹಚ್ಚುತ್ತಿದ್ದೆ. ಮನೆ ತುಂಬ ತಪ್ಪುಗಳು.

ಶಾಲೆ ಬಿಟ್ಟ ಮೇಲೆ ನಾಲ್ಕು ವರ್ಷ ಅದೇ ಫ್ಯಾಕ್ಟರಿಯಲ್ಲಿ ನಾನೂ ಇಸ್ತ್ರಿ ಹಾಕಿದೆ. ಒಂದು ದಿನ ರುದ್ರಪ್ರಸಾದನ ಜೊತೆ ಜಗಳಕ್ಕೆ ತಿರುಗಿದಾಗ ನನ್ನ ಕೈಯ ಬಿಸಿ ಇಸ್ತ್ರಿಪೆಟ್ಟಿಗೆ ಬಿಡಿಸಲು ಬಂದ ಅವ್ವನ ಎಡ ಮಣಿಕಟ್ಟಿಗೆ ತಾಗಿತು. ಸುಟ್ಟ ಗುರುತು ದೋಣಿಯ ಆಕಾರದಲ್ಲಿ ಹಾಗೇ ಉಳಿದಿದೆ. ಅವತ್ತೇ ಕೆಲಸ ಬಿಟ್ಟೆ.

ಕಣ್ಣಿನ ತೂತು ಒಂದೇ ದಿನದಲ್ಲಿ ಬಿದ್ದದ್ದಲ್ಲ. ಮೊದಲು ಬಾಗಿಲ ಚೌಕಟ್ಟು ನಡುವೆ ಬಾಗಿದ ಹಾಗೆ ಕಂಡಿತಂತೆ. ಆಮೇಲೆ ಹೊಲಿಗೆಯ ನೇರ ಸಾಲು ಒಂದು ಕಡೆ ಚಿವುಟಿದ ಹಾಗಾಯಿತು. ಒಂದು ಬೆಳಿಗ್ಗೆ ನನಗೆ ಮುದ್ದೆ ಬಡಿಸುತ್ತ ತಲೆ ಎತ್ತಿ ನೋಡಿ, "ನಿನ್ನ ಮೂತಿ ಎಲ್ಲೋಯ್ತ್ಲಾ, ಬರೀ ಕಿವಿ ಕಾಣ್ತವೆ" ಅಂದಳು. ತಮಾಷೆ ಅಂದುಕೊಂಡೆ. ಅಲ್ಲ. ಅವಳ ಎಡಗಣ್ಣು ಹುಟ್ಟಿದಾಗಿನಿಂದ ಮಂದ, ಅದು ದಾರಿ ನಡೆಯಲಿಕ್ಕಷ್ಟೇ. ದುಡಿಯುವ ಕಣ್ಣು ಬಲಗಡೆಯದು. ತೂತು ಬಿದ್ದದ್ದು ಅದಕ್ಕೆ.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಪೊನ್ನಮ್ಮ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಕಣ್ಣಿನ ಹಿಂಗೋಡೆಗೆ ಒಂದು ತೆಳು ಪರದೆ ಇದೆ. ಅದರ ನಟ್ಟನಡುವೆ ಸಾಸಿವೆ ಕಾಳಿನಷ್ಟು ಜಾಗ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಆ ಸಾಸಿವೆಯಷ್ಟರಲ್ಲೇ. ಕಣ್ಣೊಳಗೆ ತುಂಬಿರುವ ಲೋಳೆ ವಯಸ್ಸಾದಂತೆ ಕುಗ್ಗುತ್ತದೆ. ಕುಗ್ಗುವಾಗ ಕೆಲವರಿಗೆ ಆ ಜಾಗವನ್ನೇ ಹಿಡಿದೆಳೆದು ತೂತು ಮಾಡುತ್ತದೆ. ಆಪರೇಷನ್ ಮಾಡಿ ಲೋಳೆ ತೆಗೆಯುತ್ತಾರೆ, ಪರದೆಗೆ ಅಂಟಿದ ಪೊರೆಯನ್ನು ನೀಲಿ ಬಣ್ಣ ಹಾಕಿ ಸಣ್ಣ ಚಿಮುಟದಿಂದ ಸುಲಿಯುತ್ತಾರೆ, ಆಮೇಲೆ ಕಣ್ಣಿಗೆ ಗ್ಯಾಸ್ ತುಂಬುತ್ತಾರೆ. ಗ್ಯಾಸಿನ ಗುಳ್ಳೆ ಮೇಲಕ್ಕೇ ತೇಲುವುದರಿಂದ ಮುಖ ಕೆಳಗೆ ಮಾಡಿಕೊಂಡಿದ್ದರೆ ಅದು ಹಿಂಗೋಡೆಯನ್ನು ಒತ್ತಿ ಹಿಡಿಯುತ್ತದೆ, ತೂತಿನ ಅಂಚುಗಳು ಕೂಡಿಕೊಳ್ಳುತ್ತವೆ. ಅವ್ವನ ತೂತು ಹಳೆಯದು, ದೊಡ್ಡದು. ಹತ್ತು ದಿನ ಬೋರಲು ಇರಬೇಕೆಂದರು. ಫ್ಯಾಕ್ಟರಿ ನಾಲ್ಕು ದಿನ ರಜೆ ಕೊಟ್ಟಿತು.

ಆ ನಾಲ್ಕು ದಿನ ಅವ್ವ ಎರಡು ದಿಂಬುಗಳ ನಡುವಿನ ಸಂದಿಯಲ್ಲಿ ಮುಖವಿಟ್ಟು ನೆಲ ನೋಡುತ್ತ ಮಲಗಿದಳು. ತಟ್ಟೆಯನ್ನು ನೆಲದ ಮೇಲಿಡುತ್ತಿದ್ದೆ, ಬಗ್ಗಿಯೇ ಉಣ್ಣುತ್ತಿದ್ದಳು. ನೋಡಲು ಬಂದವರನ್ನು ಕಾಲು ನೋಡಿಯೇ ಮಾತಾಡಿಸುತ್ತಿದ್ದಳು. "ಅಸ್ಮತ್, ಕಾಲುಂಗುರ ಬದಲಾಯ್ಸಿದೀಯ" ಅಂದಾಗ ಅಸ್ಮತ್ ಬೆರಗಾದಳು. ಅಸ್ಮತ್ ಅವ್ವನ ಲೈನಿನಲ್ಲೇ ಹೊಲಿಯುವವಳು, ಅವ್ವನ ಜೀವದ ಗೆಳತಿ. ಐದನೇ ದಿನ ಅವ್ವ ಕಣ್ಣಲ್ಲಿ ಗ್ಯಾಸ್ ಇದೆ ಎಂದು ಆಸ್ಪತ್ರೆಯವರು ಮಣಿಕಟ್ಟಿಗೆ ಹಾಕಿದ ಹಸಿರು ಪಟ್ಟಿ ಕಟ್ಟಿಕೊಂಡೇ ಫ್ಯಾಕ್ಟರಿ ಬಸ್ ಹತ್ತಿದಳು. ನಾನು ಬಸ್ಸಿಗೆ ಅಡ್ಡ ನಿಂತು ಕೂಗಾಡಿದೆ. ಡ್ರೈವರ್ ಹಾರ್ನ್ ಹೊಡೆದ, ಅಷ್ಟೇ. ಗುಳ್ಳೆ ಕರಗಿದ ಮೇಲೆ ನೋಡಿದರೆ ತೂತು ಇದ್ದಲ್ಲೇ ಇತ್ತು. ಮೊದಲಿಗಿಂತ ದೊಡ್ಡದಾಗಿತ್ತು.

ಎರಡನೇ ಸಲ ಆಸ್ಪತ್ರೆಯವರು ಬೇರೆ ಮಾತು ತೆಗೆದರು. ಬೋರಲು ಮಲಗಬೇಕಿಲ್ಲ, ಗ್ಯಾಸ್ ಬೇಕಿಲ್ಲ. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಹಾಳೆಯನ್ನು ತೂತಿನ ಮೇಲೆ ಕೂರಿಸುತ್ತಾರೆ. ಜೊತೆಗೊಂದು ದಪ್ಪ ಚೌಕಟ್ಟಿನ ಕನ್ನಡಕ, ಅದರಲ್ಲಿ ಕ್ಯಾಮೆರಾ. ಹಾಳೆಗೆ ಕರೆಂಟು ಬರುವುದೂ ಅದರಿಂದಲೇ. ಅದಕ್ಕೆ ಆಸ್ಪತ್ರೆ ಇಟ್ಟ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಹೇಗೆ ಕೆಲಸ ಮಾಡುತ್ತದೆ ಎಂದು ಡಾಕ್ಟರ್ ಹೇಳುತ್ತಿದ್ದಾಗ ಅವ್ವ ನಡುವೆ ಬಾಯಿ ಹಾಕಿ, ತೇಪೆ ಹಾಕ್ತೀರ ಅನ್ನಿ, ಅಂದಳು. ಡಾಕ್ಟರ್ ನಕ್ಕರು. ತೇಪೆ ಅಂದರೆ ತೇಪೆಯೂ ಅಲ್ಲ, ರಫು ಅನ್ನಬಹುದು, ಅಂದರು. ರಫು ಮಾಡುವವನು ಸುತ್ತಲಿನ ನೇಯ್ಗೆ ನೋಡಿ ನಡುವೆ ಏನಿರಬೇಕೋ ಅದನ್ನು ತುಂಬುವ ಹಾಗೆ, ಈ ಹಾಳೆಯೂ ತೂತಿನ ಸುತ್ತ ಕಂಡದ್ದನ್ನು ನೋಡಿ ನಡುವಿನದನ್ನು ಊಹಿಸಿ ಕಾಣಿಸುತ್ತದೆ.

ಊಹಿಸಿ ಎಂಬ ಮಾತನ್ನು ನಾನು ಅವತ್ತೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಅವ್ವನಿಗೆ ಕಣ್ಣು ಬರುತ್ತದಲ್ಲ ಅಂದುಕೊಂಡು ಸಹಿ ಹಾಕಿದೆ.

ಕಣ್ಣು ಬಂತು. ಮೂರನೇ ವಾರಕ್ಕೆ ಅವ್ವ ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿದಳು. ಫ್ಯಾಕ್ಟರಿಯಲ್ಲಿ ಗಂಟೆಗೆ ನೋಡುತ್ತಿದ್ದ ಪೀಸು ಒಂದೂವರೆ ಪಟ್ಟಾಯಿತು. ಅವಳ ನಾಲ್ಕನೇ ಲೈನಿನಲ್ಲಿ ಆಲ್ಟರ್ ದಿನದಿನಕ್ಕೂ ಇಳಿದು ಎರಡು ತಿಂಗಳಲ್ಲಿ ಸೊನ್ನೆಗೆ ಬಂತು. ರುದ್ರಪ್ರಸಾದ ಅವಳಿಗೆ ಸ್ಟೀಲ್ ಡಬ್ಬಿ ಬಹುಮಾನ ಕೊಟ್ಟು ಫೋಟೋ ತೆಗೆಸಿ ನೋಟಿಸ್ ಬೋರ್ಡಿಗೆ ಹಾಕಿದ. ಒಂದು ಲೈನಿನಲ್ಲಿ ಎಪ್ಪತ್ತು ಮಿಷನ್ನು, ದಿನಕ್ಕೆ ಸಾವಿರಾರು ಪೀಸು, ಒಂದರಲ್ಲೂ ತಪ್ಪಿಲ್ಲ. ಇದು ಹೇಗೆ ಎಂದು ಯಾರೂ ಕೇಳಲಿಲ್ಲ. ತಪ್ಪು ಸಿಗದಿದ್ದರೆ ಯಾರಿಗೆ ಬೇಸರ?

ಮನೆಯಲ್ಲಿ ಒಂದು ದಿನ ನಾನು ನೀರಿನ ಟ್ಯಾಂಕರಿನವನ ಜೊತೆ ಜಗಳ ಆಡಿ ಬಂದು ಬುಸುಗುಡುತ್ತ ಕೂತಿದ್ದೆ. ಅವ್ವ ಟೀ ಲೋಟ ಕೈಗಿಟ್ಟು ನನ್ನನ್ನೇ ನೋಡುತ್ತ ನಿಂತಳು.

"ಈಗೀಗ ಎಷ್ಟು ಚೆಂದಾಗಿ ನಗ್ತೀಯ ಕಣ್ಲಾ ಯೋಗಿ. ಮೊದ್ಲೆಲ್ಲ ಉರಿಮೂತಿ ಹಾಕ್ಕಂಡೇ ಇರ್ತಿದ್ದೆ."

ನನ್ನ ಹಲ್ಲು ಆಗಲೂ ಕಚ್ಚಿಕೊಂಡೇ ಇತ್ತು. ಒಳಗೆ ಹೋಗಿ ಕನ್ನಡಿ ನೋಡಿಕೊಂಡೆ. ನಗು ಇರಲಿಲ್ಲ.

ಅದೇ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ತೇಪೆ ಹಾಕಿಸಿಕೊಂಡವರ ಮನೆಯವರಿಗೆ ಅಲ್ಲೇ ಕೆಲಸ ಇದೆ, ಓದು ಬೇಕಿಲ್ಲ, ಕಣ್ಣು ನೆಟ್ಟಗಿದ್ದರೆ ಸಾಕು. ಹೋದೆ. ಆಸ್ಪತ್ರೆಯ ಐದನೇ ಮಹಡಿಯಲ್ಲಿ ಕಿಟಕಿಯೇ ಇಲ್ಲದ ಉದ್ದನೆಯ ಹಾಲ್. ಅರವತ್ತು ಕುರ್ಚಿ, ಒಂದೊಂದರ ಮುಂದೆ ಎರಡೆರಡು ಪರದೆ. ಎಡಗಡೆಯದರಲ್ಲಿ ರೋಗಿಯ ಕನ್ನಡಕದ ಕ್ಯಾಮೆರಾ ನಿಜವಾಗಿ ಕಂಡದ್ದು. ಬಲಗಡೆಯದರಲ್ಲಿ ತೇಪೆ ಆ ರೋಗಿಗೆ ಕಾಣಿಸಿದ್ದು. ಎರಡೂ ಹೊಂದುತ್ತವೆ ಅನ್ನಿಸಿದರೆ ಹಸಿರು ಗುಂಡಿ, ಇಲ್ಲದಿದ್ದರೆ ಕೆಂಪು. ನಾವು ಒತ್ತಿದ್ದರಿಂದಲೇ ಯಂತ್ರ ಕಲಿಯುತ್ತದೆ. ಯಾರ ಕಣ್ಣು, ಯಾವ ಊರು, ಹೆಸರು ಏನೂ ಇರುವುದಿಲ್ಲ. ಬಂದ ಚಿತ್ರವೂ ಎರಡು ಮೂರು ಗಂಟೆ ಹಳೆಯದು.

ಮೊದಲ ವಾರ ಸಲೀಸಾಗಿತ್ತು. ಎಡಗಡೆ ತಟ್ಟೆ, ಬಲಗಡೆ ತಟ್ಟೆ, ಹಸಿರು. ಎಡಗಡೆ ಹಸು, ಬಲಗಡೆ ಹಸು, ಹಸಿರು. ಎರಡನೇ ವಾರ ಎಡಗಡೆಯ ಅನ್ನದಲ್ಲಿ ಒಂದು ಜಿರಳೆ ಇತ್ತು. ಬಲಗಡೆ ಬರೀ ಅನ್ನ. ಕೈ ಬರುತ್ತದೆ, ತುತ್ತು ಕಲಸುತ್ತದೆ. ಕೆಂಪು ಒತ್ತಿದೆ. ಮಾರನೇ ದಿನ ಬಾವಿಕಟ್ಟೆಯಲ್ಲಿ ಬಿರುಕು, ಬಲಗಡೆ ಇಲ್ಲ. ಆಮೇಲೆ ಒಬ್ಬ ಗಂಡಸಿನ ಮುಖ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಎಡಗಡೆ ಅವನ ದವಡೆ ಬಿಗಿದಿತ್ತು, ಕಣ್ಣು ಕೆಂಡ. ಬಲಗಡೆ ಅದೇ ಮುಖ ತಣ್ಣಗೆ, ತುಟಿಯಲ್ಲಿ ಎಳೆನಗು. ನೋಡುತ್ತಿದ್ದ ಹೆಂಗಸು ಹಿಂದೆ ಸರಿಯಲಿಲ್ಲ. ಅವನ ಕೈ ಮೇಲೇಳುವುದು ಚಿತ್ರದ ಅಂಚಿನಲ್ಲಿ ಕಂಡಿತು, ಅಂಚಿನಲ್ಲಿ ತೇಪೆ ಇಲ್ಲವಲ್ಲ. ಅಲ್ಲಿಗೆ ಚಿತ್ರ ನಿಂತಿತು. ಮುಂದೆ ಏನಾಯಿತೋ ನನಗೆ ಗೊತ್ತಿಲ್ಲ. ಯಾರನ್ನು ಕೇಳುವುದು? ಹೆಸರಿಲ್ಲ.

ಹಾಲ್ ನೋಡಿಕೊಳ್ಳುವ ಸುಹಾಸ್ ನನ್ನನ್ನು ಕರೆದ. ನಿಮ್ಮ ಕೆಂಪು ಜಾಸ್ತಿ ಆಗ್ತಿದೆ, ಅಂದ. ಕೂಗಾಡಿದೆ. ಅವನು ಕೂಗಾಡುವ ಪೈಕಿಯಲ್ಲ, ಮೆತ್ತಗೆ ಹೇಳಿದ. ತೇಪೆಯಲ್ಲಿರುವುದು ಬರೀ ನಾಲ್ಕುನೂರು ಚುಕ್ಕಿ. ಮೊದಲು ನಿಜ ಚಿತ್ರವನ್ನೇ ಆ ಚುಕ್ಕಿಗಳಲ್ಲಿ ಕಳಿಸುತ್ತಿದ್ದರು. ರೋಗಿಗಳಿಗೆ ತಲೆಸುತ್ತು, ವಾಂತಿ, ಮುಖಗಳೆಲ್ಲ ಮೊಸರೊಡೆದ ಹಾಗೆ. ಕನ್ನಡಕ ಕಿತ್ತೆಸೆದರು. ಆಮೇಲೆ ಊಹೆಯಿಂದ ತುಂಬಿದರು, ಎಲ್ಲರಿಗೂ ಹಿತವಾಯಿತು. ಸುತ್ತ ಅನ್ನವಿದ್ದರೆ ನಡುವೆಯೂ ಅನ್ನ, ಸುತ್ತ ಬಿಳಿ ಬಟ್ಟೆಯಿದ್ದರೆ ನಡುವೆಯೂ ಬಿಳಿ. ಲಕ್ಷ ಮುಖಗಳ ಸರಾಸರಿ ತೆಗೆದರೆ ಸಿಗುವುದು ಸಮಾಧಾನದ ಮುಖ, ಹಾಗಾಗಿ ಅದೇ.

"ನೋಡೋರಿಗೆ ಕಸಿವಿಸಿ ಆಗಬಾರದು ಯೋಗೇಶ್. ಹೊಂದುತ್ತೆ ಅನ್ನೋದಕ್ಕೆ ನಮ್ಮಲ್ಲಿ ಅರ್ಥ ಅಷ್ಟೇ."

ದಿನಕ್ಕೆ ಹತ್ತಕ್ಕಿಂತ ಹೆಚ್ಚು ಕೆಂಪು ಒತ್ತಿದವರನ್ನು ಇಟ್ಟುಕೊಳ್ಳುವುದಿಲ್ಲ ಎಂದೂ ತಿಳಿಸಿದ.

ಅವತ್ತು ಸಂಜೆ ಅವ್ವನನ್ನು ಕೂರಿಸಿ ಎಲ್ಲ ಹೇಳಿದೆ. ಜಿರಳೆ, ಬಿರುಕು, ಆ ಗಂಡಸು, ಎಲ್ಲ. ನಿನಗೆ ಕಾಣ್ತಿರೋದು ನಿಜ ಅಲ್ಲ ಅಂದೆ. ಅವ್ವ ಕಡಲೆಕಾಯಿ ಬಿಡಿಸುತ್ತ ಕೇಳುತ್ತಿದ್ದವಳು ನನ್ನ ಮುಖ ನೋಡಿ ಕಿಸಕ್ಕನೆ ನಕ್ಕುಬಿಟ್ಟಳು. ನಗ್ನಗ್ತ ಇಂಥ ಸುಳ್ಳು ಹೇಳೋದು ಎಲ್ಲಿ ಕಲ್ತ್ಯೋ, ಅಂದಳು. ನಾನು ನಗುತ್ತಿಲ್ಲ ಎಂದು ಅರಚಿದೆ. ಅರಚಿದಷ್ಟೂ ಅವಳಿಗೆ ತಮಾಷೆಯಾಗಿಯೇ ಕಂಡಿತು. ನನ್ನ ದನಿ ಒಂದು, ಮುಖ ಇನ್ನೊಂದು. ಅವಳು ಮುಖವನ್ನು ನಂಬಿದಳು. ಇಪ್ಪತ್ತೆರಡು ವರ್ಷ ಕಣ್ಣನ್ನು ನಂಬಿ ಅನ್ನ ತಿಂದವಳು ಇನ್ನೇನು ಮಾಡುತ್ತಾಳೆ?

ಅದಾಗಿ ಒಂಬತ್ತು ದಿನಕ್ಕೆ, ಶುಕ್ರವಾರ, ಹನ್ನೊಂದು ಗಂಟೆ ಸುಮಾರಿಗೆ ನನ್ನ ಎಡಗಡೆ ಪರದೆಯಲ್ಲಿ ಒಂದು ಬಿಳಿ ಬಟ್ಟೆ ಬಂತು. ಆರು ತಿಂಗಳ ಕೂಸಿನ ಅಂಗಿ. ಕುತ್ತಿಗೆ ಪಟ್ಟಿಯ ಹೊಲಿಗೆಯಲ್ಲಿ ಸೂಜಿಯ ಮುರಿದ ತುದಿ ಸಿಕ್ಕಿಕೊಂಡಿತ್ತು, ಅರ್ಧ ಗೋಧಿಕಾಳಿನಷ್ಟು, ಟ್ಯೂಬ್‌ಲೈಟಿಗೆ ಮಿನುಗುತ್ತಿತ್ತು. ಬಲಗಡೆ ಪರದೆಯಲ್ಲಿ ಬಿಳಿ ಪಟ್ಟಿ, ಸಾಲು ಹೊಲಿಗೆ, ಅಷ್ಟೇ. ಅಂಗಿಯನ್ನು ಮಡಚಲು ಎಡಗೈ ಬಂತು. ಕೈಯ ಹಿಂಬದಿಯಲ್ಲಿ ಕೆಂಪು ಬಾಣಗಳ ಸಾಲು. ಒಂದೂ ಖರ್ಚಾಗಿರಲಿಲ್ಲ. ಮಣಿಕಟ್ಟಿನಲ್ಲಿ ದೋಣಿಯ ಆಕಾರದ ಸುಟ್ಟ ಗುರುತು.

ಅಂಗಿ ಪಾಸಾದ ಗುಡ್ಡೆಗೆ ಹೋಯಿತು. ಮೇಲೆ ಬಂಡಲ್ ಚೀಟಿ ಕಂಡಿತು, ನಲವತ್ತೇಳು.

ಗಾರ್ಮೆಂಟ್ಸ್‌ನಲ್ಲಿ ಸೂಜಿ ಮುರಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಮಿಷನ್ನು ಅಲ್ಲೇ ನಿಲ್ಲಬೇಕು. ಮುರಿದ ಚೂರುಗಳನ್ನೆಲ್ಲ ಹುಡುಕಿ ತಂದು ಸೂಜಿ ಪುಸ್ತಕದಲ್ಲಿ ಸೆಲ್ಲೋಟೇಪಿನಿಂದ ಅಂಟಿಸಬೇಕು. ಚೂರು ಸೇರಿ ಪೂರ್ತಿ ಸೂಜಿ ಆದರೆ ಮಾತ್ರ ಹೊಸ ಸೂಜಿ. ತುದಿ ಸಿಗದಿದ್ದರೆ ಆ ಬಂಡಲ್ಲಿನ ಒಂದೊಂದು ಪೀಸನ್ನೂ ತಿರುವಿ ನೋಡಬೇಕು. ಹಸುಗೂಸಿನ ಬಟ್ಟೆ. ಆ ಪುಸ್ತಕವೊಂದೇ ಇಡೀ ಫ್ಯಾಕ್ಟರಿಯಲ್ಲಿ ನಾನು ಗೌರವ ಕೊಟ್ಟ ವಸ್ತು.

ಕೆಂಪು ಒತ್ತಿದೆ. ಎದ್ದೆ. ಎಲ್ಲಿಗೆ ಎಂದು ಸುಹಾಸ್ ಕೇಳಿದ. ಓಡಿ ಮೆಟ್ಟಿಲಿಳಿದೆ. ಬೈಕು ಹತ್ತಿದೆ. ಅವ್ವನಿಗೆ ಫೋನು ಮಾಡಿ ಪ್ರಯೋಜನವಿಲ್ಲ, ಕೆಲಸದ ಹೊತ್ತಿನಲ್ಲಿ ಫೋನುಗಳು ಗೇಟಿನ ಪೆಟ್ಟಿಗೆಯಲ್ಲಿರುತ್ತವೆ.

ಫ್ಯಾಕ್ಟರಿ ಗೇಟು ಹಾರು ಹೊಡೆದಿತ್ತು. ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಒಂದು ವೇದಿಕೆ. ಆಸ್ಪತ್ರೆಯವರ ಉಚಿತ ಕಣ್ಣಿನ ಶಿಬಿರ, ಮನೆಯವರೂ ಬರಬಹುದು. ಚೆಕಿಂಗಿನ ಹೆಂಗಸರೆಲ್ಲ ಊಟದ ಡಬ್ಬಿ ಹಿಡಿದುಕೊಂಡೇ ಸಾಲು ನಿಂತಿದ್ದರು. ಸಾಲಿನ ತುದಿಯ ಮೇಜಿನಲ್ಲಿ ಒಪ್ಪಿಗೆ ಕಾಗದಕ್ಕೆ ಹೆಬ್ಬೆರಳು ಒತ್ತಿಸಿಕೊಳ್ಳುತ್ತಿದ್ದರು. ಒಬ್ಬಳನ್ನು ಕೇಳಿದೆ. ಕಣ್ಣು ಚೆನ್ನಾಗಿದ್ದರೂ ಮುಂಜಾಗ್ರತೆಗೆ ತೇಪೆ ಹಾಕುತ್ತಾರಂತೆ. ಕಣ್ಣು ದಣಿಯುವುದಿಲ್ಲವಂತೆ, ಆಲ್ಟರ್ ಬರುವುದಿಲ್ಲವಂತೆ, ಜಯಶೀಲಕ್ಕನ ಹಾಗೆ. ಹೇಳಿದವಳಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಅವಳ ಕಣ್ಣು ಬೆಳದಿಂಗಳ ಹಾಗಿತ್ತು. ಅದರಲ್ಲಿ ತೂತು ಇರಲಿಲ್ಲ. ಚೆನ್ನಾಗಿರುವ ಬಟ್ಟೆಯನ್ನು ಕತ್ತರಿಸಿ ತೇಪೆ ಹಾಕಿಸಿಕೊಳ್ಳಲು ಅವಳು ಬಿಸಿಲಲ್ಲಿ ನಿಂತಿದ್ದಳು.

ಒಳಗೆ ನಾಲ್ಕನೇ ಲೈನಿನಲ್ಲಿ ಅಸ್ಮತ್ ಒಬ್ಬಳೇ ಮಿಷನ್ನಿನ ಮುಂದೆ ಕೂತಿದ್ದಳು. ಅವಳ ಮುಖ ಬತ್ತಿತ್ತು. ಬೆಳಿಗ್ಗೆ ಮುರಿದದ್ದು ಅವಳದೇ ಸೂಜಿ. ಎರಡು ಚೂರು ಸಿಕ್ಕವು, ತುದಿ ಸಿಗಲಿಲ್ಲ. ಅವ್ವ ಬಂಡಲ್ಲನ್ನೆಲ್ಲ ನೋಡಿ ಏನೂ ಇಲ್ಲ ಅಂದಳು. ಲೋಹ ಪತ್ತೆ ಮಾಡುವ ಮಿಷನ್ನು ಎರಡು ದಿನದಿಂದ ರಿಪೇರಿಯಲ್ಲಿದೆ. ರುದ್ರಪ್ರಸಾದ ಇನ್ನೊಂದು ಸೂಜಿಯನ್ನು ತಾನೇ ಮುರಿದು ಅದರ ತುದಿಯನ್ನು ಪುಸ್ತಕದಲ್ಲಿ ಅಂಟಿಸಿದನಂತೆ. ಪುಟ ಪೂರ್ತಿಯಾಯಿತು. ಮೂರು ಗಂಟೆಗೆ ಕಂಟೇನರ್ ಹೊರಡುತ್ತದೆ. ಅಸ್ಮತ್ ಇದನ್ನು ಹೇಳುವಾಗ ನೆಲ ನೋಡುತ್ತಿದ್ದಳು.

ಅವ್ವ ಕೈ ತೊಳೆದು ಬಂದಳು. ಹೊಸ ಸೀರೆ ಉಟ್ಟಿದ್ದಳು, ಇವತ್ತು ವೇದಿಕೆಗೆ ಕರೆಯುತ್ತಾರೆಂದು. ನನ್ನನ್ನು ನೋಡಿ ಖುಷಿಯಾಗಿ, ನೀನೂ ತೋರ್ಸ್ಕಳಕೆ ಬಂದ್ಯಾ, ಅಂದಳು. ನಾನು ಪ್ಯಾಕಿಂಗ್ ಕಡೆ ಹೋಗಿ ನಲವತ್ತೇಳನೇ ಬಂಡಲ್ ಎತ್ತಿ ತಂದು ಅವಳ ಮೇಜಿನ ಮೇಲೆ ಹಾಕಿದೆ. ಸೂಜಿ ತುದಿ ಇದರಲ್ಲಿದೆ, ನಾನೇ ಪರದೆಯಲ್ಲಿ ನೋಡಿದೆ ಅಂದೆ. ಅವ್ವನ ಮುಖದ ಖುಷಿ ಆರಿತು. ಒಂದೊಂದೇ ಅಂಗಿ ಬಿಡಿಸಿ ಕನ್ನಡಕದ ಮುಂದೆ ಹಿಡಿದು ನೋಡಿದಳು. ಹನ್ನೆರಡು ಅಂಗಿ. ಇಲ್ಲ. ಮತ್ತೆ ನೋಡಿದಳು. ಇಲ್ಲ.

"ನನ್ನ ಕೆಲ್ಸ ನಂಗೆ ಹೇಳ್ಕೊಡಕೆ ಬರಬ್ಯಾಡ. ಕಣ್ಣಿಗೆ ಕಾಣ್ತಾ ಅದೆ, ಹಾಲಂಗೆ ಬೆಳ್ಳಗಿದೆ."

"ಕಣ್ಮುಚ್ಚು ಅವ್ವ," ಅಂದೆ. "ಮೊದ್ಲು ಹೆಂಗೆ ನೋಡ್ತಿದ್ದೆ, ಹಂಗೆ ನೋಡು."

ಮೊದಲು ಅವಳು ಬೆರಳಲ್ಲಿ ನೋಡುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಚೆಕಿಂಗಿನವಳೊಬ್ಬಳು ಕಲಿಸಿದ್ದು. ಕಣ್ಣಿಗೆ ಸಂಜೆ ಹೊತ್ತಿಗೆ ಮಬ್ಬು ಬರುತ್ತದೆ, ಬೆರಳಿಗೆ ಬರುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹೊಲಿಗೆಯನ್ನು ಹಿಡಿದು ಜಾರಿಸುತ್ತ ಹೋಗಬೇಕು, ಗಂಟು ಇದ್ದರೆ ತಡೆಯುತ್ತದೆ. ತೇಪೆ ಬಂದ ಮೇಲೆ ಅವ್ವ ಅದನ್ನು ಬಿಟ್ಟಿದ್ದಳು. ಅಷ್ಟು ನಿಚ್ಚಳವಾಗಿ ಕಾಣುವಾಗ ತಡವಿ ನೋಡುವವರು ಯಾರು?

ಅವಳು ನನ್ನನ್ನೇ ದಿಟ್ಟಿಸಿದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ. ಆದರೆ ಅಸ್ಮತ್ ಅಳುವುದು ಕಿವಿಗೆ ಬಿದ್ದಿರಬೇಕು. ಕಣ್ಣು ಮುಚ್ಚಿದಳು. ಮೊದಲ ಅಂಗಿ, ಕುತ್ತಿಗೆ ಪಟ್ಟಿ, ಬೆರಳು ಜಾರಿತು. ಎರಡನೆಯದು. ಐದನೆಯದು. ಏಳನೆಯ ಅಂಗಿಯಲ್ಲಿ ಬೆರಳು ನಿಂತಿತು. ಅವ್ವ ಸ್ ಎಂದು ಉಸಿರೆಳೆದಳು.

ಕಣ್ಣು ಬಿಟ್ಟು ಬೆರಳು ನೋಡಿಕೊಂಡಳು. ತೋರುಬೆರಳ ತುದಿಯಲ್ಲಿ ರಕ್ತ ಮಣಿಯಾಗಿ ನಿಂತು, ಒಡೆದು, ಇಳಿದು ಅಂಗಿಯ ಮೇಲೆ ಬಿತ್ತು. ಬಿಳಿ ಪಟ್ಟಿಯ ಮೇಲೆ ಕುಂಕುಮದ ಬೊಟ್ಟಿನಷ್ಟು. ಅಸ್ಮತ್ "ಅಕ್ಕಾ, ರಕ್ತ" ಅಂದಳು. ಅವ್ವ ಬೆರಳನ್ನು ಇನ್ನೂ ಹತ್ತಿರ ತಂದಳು. ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಒರೆಸಿ, ಒದ್ದೆಯನ್ನು ಉಜ್ಜಿ ನೋಡಿದಳು.

"ಎಲ್ಲದೆ?" ಅಂದಳು.

ಅವಳು ಬೆರಳನ್ನು ಬಾಯಿಗಿಟ್ಟುಕೊಂಡಳು. ಉಪ್ಪು ತಿಳಿದಿರಬೇಕು. ಆಗ ಅವಳ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಮನೆಯ ನೆಲ ಎಂದು ಕಾಲಿಟ್ಟಲ್ಲಿ ನೆಲವಿಲ್ಲದವರ ಮುಖ ಅದು.

ಹೊರಗೆ ಮೈಕಿನಲ್ಲಿ ಅವಳ ಹೆಸರು ಕೂಗಿದರು. ಅವ್ವ ಎದ್ದಳು. ಏಳನೆಯ ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡಳು. ನಡೆಯುತ್ತ ನನ್ನನ್ನು ಒಂದೇ ಮಾತು ಕೇಳಿದಳು. ಇದನ್ನ ಹೇಳಿದ್ರೆ ಕನ್ನಡಕ ಕಿತ್ಕತಾರಾ? ಕಿತ್ಕತಾರೆ ಅಂದೆ. ಮತ್ತೆ ತೂತು? ಮತ್ತೆ ತೂತು. ಕೆಲಸವೂ ಹೋಗುತ್ತದೆಯೇ ಎಂದು ಅವಳೂ ಕೇಳಲಿಲ್ಲ, ಹೋಗುತ್ತದೆ ಎಂದು ನಾನೂ ಹೇಳಲಿಲ್ಲ.

ವೇದಿಕೆ ಮೇಲೆ ಡಾಕ್ಟರ್ ಪೊನ್ನಮ್ಮ ಎದ್ದು ನಿಂತು ಅವಳ ಕೈ ಹಿಡಿದರು. ರುದ್ರಪ್ರಸಾದ ಮೈಕು ಹಿಡಿದು ಸೊನ್ನೆ ಆಲ್ಟರಿನ ಜಯಶೀಲಮ್ಮ ಎಂದು ಪರಿಚಯಿಸಿದ. ಚಪ್ಪಾಳೆ ಬಿತ್ತು. ಅವ್ವ ಮೈಕಿನ ಹತ್ತಿರ ಹೋದಳು. ಆಮೇಲೆ ಎಡಗೈಯ ಹಿಂಬದಿಯಿಂದ ಒಂದು ಕೆಂಪು ಬಾಣ ಕಿತ್ತಳು. ಅಂಗಿಗೆ ಹಚ್ಚುತ್ತಾಳೆ ಅಂದುಕೊಂಡೆ. ಅವಳು ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ಬಲಗಣ್ಣಿನ ಕೆಳಗೆ ಕೆನ್ನೆಯ ಮೂಳೆಯ ಮೇಲೆ, ಮೊನೆ ಕಣ್ಣಿನ ಕಡೆ ಇರುವ ಹಾಗೆ ಬೆರಳಿಂದ ತಡವಿ ತಡವಿ ಅಂಟಿಸಿಕೊಂಡಳು.

"ಇದು ಆಲ್ಟರ್," ಅಂದಳು. "ನಾ ಪಾಸ್ ಮಾಡಿದ್ದ ಎಲ್ಲಾನೂ ವಾಪಸ್ ಕಳ್ಸಿ. ಇದನ್ನೂ."

ಅಂಗಿಯನ್ನು ಸಾಲಿನ ಕಡೆ ಎತ್ತಿ ಹಿಡಿದಳು. ರಕ್ತದ ಕಲೆ ಎಲ್ಲರಿಗೂ ಕಂಡಿತು, ಅವಳೊಬ್ಬಳನ್ನು ಬಿಟ್ಟು. ಮೈಕು ಕೀಚಲು ದನಿ ತೆಗೆಯಿತು, ಯಾರೋ ಆರಿಸಿದರು. ಮೈಕಿಲ್ಲದೆಯೂ ಅವ್ವ ಹೇಳುತ್ತಲೇ ಇದ್ದಳು. ಮೂರು ಗಂಟೆಗೆ ಕಂಟೇನರ್ ಹೊರಡಕೂಡದು, ತೇಪೆ ಹಾಕಿಸಿಕೊಂಡಾಗಿನಿಂದ ತಾನು ನೋಡಿದ ಒಂದು ಪೀಸೂ ನೋಡಿದ್ದಲ್ಲ, ಸೂಜಿ ಪುಸ್ತಕದ ಇವತ್ತಿನ ಪುಟ ಸುಳ್ಳು. ಡಾಕ್ಟರ್ ಪೊನ್ನಮ್ಮ ಅಂಗಿಯನ್ನು ಇಸಿದುಕೊಂಡು ಹೊಲಿಗೆಯಿಂದ ಆ ಚೂರನ್ನು ಉಗುರಿನಲ್ಲಿ ಬಿಡಿಸಿ ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ ನಾನು ಇವತ್ತಿಗೂ ಹೇಳಲಾರೆ. ಚೂರನ್ನು ಕರ್ಚೀಫಿನಲ್ಲಿ ಕಟ್ಟಿ ವೇದಿಕೆ ಇಳಿದು ಕಾರು ಹತ್ತಿದರು. ಅಸ್ಮತ್ ಹೋಗಿ ಕಂಟೇನರಿನ ಹಿಂಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅವಳ ಜೊತೆ ಹೊಲಿಯುವವರು ಇಪ್ಪತ್ತು ಮಂದಿ ಹೋಗಿ ಕೂತರು.

ಹೆಬ್ಬೆರಳಿನ ಸಾಲು ಮಾತ್ರ ಪೂರ್ತಿ ಒಡೆಯಲಿಲ್ಲ. ಹನ್ನೊಂದು ಮಂದಿ ಬಿಟ್ಟು ಬಂದರು. ನಾನು ಎಣಿಸಿದೆ. ಉಳಿದವರು ಡಬ್ಬಿ ಹಿಡಿದು ನಿಂತೇ ಇದ್ದರು. ಆ ಬೆಳದಿಂಗಳ ಕಣ್ಣಿನ ಹುಡುಗಿ ಒಮ್ಮೆ ಅವ್ವನ ಕಡೆ ನೋಡಿದಳು, ಒಮ್ಮೆ ಮೇಜಿನ ಕಡೆ ನೋಡಿದಳು. ಮುಂದಿದ್ದವಳು ಒಂದು ಹೆಜ್ಜೆ ಸರಿದಾಗ ಅವಳೂ ಸರಿದಳು. ಅವಳನ್ನು ಎಳೆದು ತರಲು ನುಗ್ಗಿದೆ. ಗೇಟಿನ ಇಬ್ಬರು ನನ್ನನ್ನು ಹಿಡಿದುಕೊಂಡರು, ಅಂಗಿ ಹರಿಯಿತು, ಕೂಗಿ ಕೂಗಿ ಗಂಟಲು ಕಟ್ಟಿತು.

ಅವ್ವ ಇಳಿದು ಬಂದಳು. ಹಿಡಿದವರು ಬಿಟ್ಟರು. ಕನ್ನಡಕ ಇನ್ನೂ ಅವಳ ಮುಖದ ಮೇಲಿತ್ತು, ಮೂಗಿಗೆ ಜಾರಿತ್ತು. ಇನ್ನೆರಡು ಮೂರು ಗಂಟೆಯಲ್ಲಿ ಆ ಹಾಲ್‌ನಲ್ಲಿ ನನ್ನ ಕುರ್ಚಿಯಲ್ಲಿ ಯಾವನೋ ಕೂತಿರುತ್ತಾನೆ. ಅವನ ಎಡಗಡೆ ಪರದೆಯಲ್ಲಿ ಹರಿದ ಅಂಗಿಯ, ಬಾಯಿ ಸೊಟ್ಟಗಾದ, ಕೆನ್ನೆ ಒದ್ದೆಯಾದ ಒಬ್ಬ ಬರುತ್ತಾನೆ. ಬಲಗಡೆ ಅವನೇ ಮುಗುಳ್ನಗುತ್ತಿರುತ್ತಾನೆ. ಹೊಸಬ ಹಸಿರು ಒತ್ತುತ್ತಾನೆ.

ಅವ್ವ ನನ್ನ ಎದುರು ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು. ಚುಚ್ಚಿದ ಬೆರಳನ್ನೂ ಹೆಬ್ಬೆರಳನ್ನೂ ನನ್ನ ಹುಬ್ಬಿನ ಮೇಲಿಟ್ಟು ಹೊಲಿಗೆ ಹಿಡಿದ ಹಾಗೆ ಮೆಲ್ಲಗೆ ಜಾರಿಸುತ್ತ ಬಂದಳು. ಹಣೆಯ ನಡುವೆ, ಎರಡು ಹುಬ್ಬು ಕೂಡುವಲ್ಲಿ, ಬೆರಳು ತಡೆಯಿತು. ಅಲ್ಲೇ ಇಟ್ಟುಕೊಂಡಳು. ಕೆನ್ನೆಗೆ ಇಳಿದಳು, ಒದ್ದೆಯನ್ನು ಒರೆಸಿದಳು, ದವಡೆಯನ್ನು ಹಿಡಿದು ನೋಡಿದಳು. ಕಣ್ಣು ಬಿಡಲಿಲ್ಲ.

"ಇಷ್ಟು ದಿನ ನಿನ್ನೂ ಪಾಸ್ ಮಾಡ್ಬುಟ್ಟಿದ್ನಲ್ಲಪ್ಪ," ಅಂದಳು.